ಒಂದು ಬಾಟಲಿ ಕಡಿಮೆ

ಪಾಷಾ ಬಾಯ್ ಅಂಗಡಿಗೆ ಬಂದರೆ ಮೆಟ್ಟಿಲು ಹತ್ತುವ ಮೊದಲೇ ಬೇಕಾದ್ದನ್ನು ಕೂಗಿ ಹೇಳುವವರು. ಆವತ್ತು ಕೌಂಟರಿನ ಮುಂದೆ ಬಂದು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ ಮೇಲೇ ಬಾಯಿ ತೆರೆದರು.

“ಡಾಕ್ಟ್ರು ಓಗ್ಬುಟ್ರಂತೆ ಕಣಕ್ಕ. ಮೊನ್ನೆ. ನರಸೀಪುರದಲ್ಲೇ ಎಲ್ಲಾ ಮಾಡಿ ಮುಗಿಸಿದ್ರಂತೆ. ನಂಗೂ ಇವತ್ತೇ ಗೊತ್ತಾಗಿದ್ದು.”

ಯಾವ ಡಾಕ್ಟರು ಎಂದು ನಾನು ಕೇಳಲಿಲ್ಲ. ನಂಜನಗೂಡಿನಿಂದ ತಿ. ನರಸೀಪುರದ ಕಡೆ ಹೋಗುವ ರಸ್ತೆಯಲ್ಲಿ, ನಮ್ಮ ಹೋಬಳಿ ಊರಿನ ದನದ ಆಸ್ಪತ್ರೆಗೆ ಎದುರಾಗಿ ನನ್ನ ಮೆಡಿಕಲ್ ಸ್ಟೋರ್ ಇದೆ. ಮನುಷ್ಯರ ಔಷಧಿ ಒಂದು ಕಡೆ, ದನಕರುಗಳದ್ದು ಇನ್ನೊಂದು ಕಡೆ. ಆ ಆಸ್ಪತ್ರೆಗೆ ನಾನು ಕಂಡಂತೆ ಏಳೆಂಟು ಜನ ಬಂದು ಹೋಗಿದ್ದಾರೆ. ಆದರೆ ಪಾಷಾ ಬಾಯ್ ಮತ್ತು ನನ್ನ ನಡುವೆ ಡಾಕ್ಟರು ಎಂದರೆ ಒಬ್ಬರೇ.

ಅವರು ನಮ್ಮೂರಿಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ತೆಳ್ಳಗೆ, ಎತ್ತರವಾಗಿ, ಯಾವಾಗಲೂ ಏನನ್ನೋ ಮರೆತು ಬಂದವರ ಹಾಗೆ ಕಾಣುತ್ತಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ದನದ ಜ್ವರ ನೋಡುವ ದಪ್ಪ ಥರ್ಮಾಮೀಟರು. ಮಾತಾಡುತ್ತ ಮಾತಾಡುತ್ತ ಅದನ್ನು ತೆಗೆದು, ಪಾದರಸ ಇಳಿಸುವಂತೆ ಕೈ ಝಾಡಿಸಿ, ಮತ್ತೆ ಒಳಗಿಡುವರು. ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಹೀಗೆ ಮಾಡಿದ್ದನ್ನು ನಾನು ಕಂಡಿದ್ದೇನೆ.

ಬಂದ ಹೊಸದರಲ್ಲಿ ಊರಿನವರಿಗೆ ಅವರೊಂದು ತಮಾಷೆ. ಹಿಂದಿದ್ದ ಡಾಕ್ಟರು ದನ ಕಂಡ ಕೂಡಲೆ ಸೂಜಿ ಚುಚ್ಚಿ ಕಳಿಸುತ್ತಿದ್ದರು. ಇವರು ಬ್ಯಾಗಿನಿಂದ ಟೇಪು ತೆಗೆದು ದನದ ಎದೆಯ ಸುತ್ತಳತೆ ಹಿಡಿಯುವರು, ಬೆನ್ನುದ್ದ ಅಳೆಯುವರು, ಚೀಟಿಯ ಹಿಂಭಾಗದಲ್ಲಿ ಗುಣಿಸಿ ಭಾಗಿಸಿ ತೂಕ ಕಂಡುಹಿಡಿಯುವರು. ಆಮೇಲೇ ಔಷಧಿಯ ಅಳತೆ. “ಡಾಕ್ಟ್ರು ಅಸೀಗೆ ರವ್ಕೆ ಒಲಿಸ್ತಾವ್ರೆ ಕಣ್ಲಾ,” ಎಂದು ಜನ ನಗುತ್ತಿದ್ದರು. ಅವರಿಗೆ ಅದು ಕೇಳಿಸುತ್ತಿತ್ತು. ಕಿವಿ ಕೆಂಪಾಗುತ್ತಿತ್ತು, ಟೇಪು ಮಾತ್ರ ಬಿಡುತ್ತಿರಲಿಲ್ಲ.

ಅವರು ಬರೆದ ಚೀಟಿಗಳು ನನ್ನ ಅಂಗಡಿಗೇ ಬರುತ್ತಿದ್ದವು. ಕೆಳಗೊಂದು ಗೆರೆ ಎಳೆದು ದುಂಡನೆಯ ಅಕ್ಷರದಲ್ಲಿ ಬರೆದಿರುತ್ತಿದ್ದರು: ಇಂಥ ತಾರೀಖಿನವರೆಗೆ ಹಾಲು ಡೈರಿಗೆ ಹಾಕಬಾರದು, ಇಂಥ ತಾರೀಖಿನವರೆಗೆ ಮಾಂಸಕ್ಕೆ ಮಾರಬಾರದು. ಹಾಲನ್ನು ತಿಪ್ಪೆಗೆ ಸುರಿಯಬೇಕು ಎಂದಾಗ ಹೆಂಗಸರು ಜಗಳಕ್ಕೇ ನಿಲ್ಲುವರು. ಇವರು ಅವರೆದುರು ಕೈಕಟ್ಟಿ ನಿಂತು, “ಆ ಹಾಲನ್ನ ಯಾರೋ ಮಗು ಕುಡಿಯುತ್ತೆ ಕಣಮ್ಮ,” ಎಂದು ಬೇಡಿಕೊಳ್ಳುವ ದನಿಯಲ್ಲಿ ಹೇಳುವರು.

ಚೀಟಿ ಬರೆದ ಮೇಲೆ ಅವರ ಪಾಡು ಶುರುವಾಗುತ್ತಿತ್ತು. ಔಷಧಿ ಕೊಂಡವನು ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲಿ ರಸ್ತೆ ದಾಟಿ ಓಡಿ ಬರುವರು. “ತಾಳಪ್ಪ, ಒಂದ್ನಿಮಿಷ. ಗಬ್ಬದ ಹಸು ಅಂದ್ಯಾ? ಎಷ್ಟು ತಿಂಗಳು?” ಚೀಟಿ ಹರಿದು ಬೇರೆ ಬರೆಯುವರು. ಸಂಜೆ ನಾನು ಬಾಗಿಲು ಹಾಕುವ ಹೊತ್ತಿಗೆ ಮತ್ತೆ ಬಂದು, “ಬಿಳಿಗೆರೆಯವನು ಐದೂ ದಿನದ್ದು ತಗೊಂಡ್ನಾ ಅಮ್ಮ, ಎರಡೇ ದಿನದ್ದಾ?” ಎಂದು ಕೇಳುವರು. ಎರಡೇ ದಿನದ್ದು ಎಂದರೆ ಮರುದಿನ ಸ್ಕೂಟರಿನಲ್ಲಿ ಬಿಳಿಗೆರೆಗೇ ಹೋಗಿಬಿಡುವರು. “ಔಷಧಿ ಬರೆಯೋದು ಸುಲಭ ಅಮ್ಮ. ಬರೆದ ಮೇಲೆ ಕಾಯೋದಿದೆಯಲ್ಲ, ಅದಕ್ಕೇ ಸಂಬಳ,” ಎನ್ನುತ್ತಿದ್ದರು. ಅವರು ತಮಗಾಗಿ ನನ್ನಲ್ಲಿ ಕೊಳ್ಳುತ್ತಿದ್ದ ಔಷಧಿಯೆಂದರೆ ಹೊಟ್ಟೆಯುರಿಯ ಗುಳಿಗೆ ಒಂದೇ.

ಇಷ್ಟೊಂದು ಅಂಜುವವರು ದನದ ಡಾಕ್ಟರಾದದ್ದಾದರೂ ಹೇಗೆ ಎಂದು ಒಮ್ಮೆ ಕೇಳಿದ್ದೆ. ಅವರು ತಡೆದು ತಡೆದು ಒಂದು ಸಂಗತಿ ಹೇಳಿದರು. ಕೆಲಸಕ್ಕೆ ಸೇರಿದ ಮೊದಲ ವರ್ಷ ಯಾವುದೋ ಹಳ್ಳಿಯಲ್ಲಿ ಅಣ್ಣತಮ್ಮಂದಿರ ಎರಡು ಎತ್ತುಗಳು ಒಟ್ಟಿಗೆ ಬಿದ್ದವು. ಇವರ ಬ್ಯಾಗಿನಲ್ಲಿದ್ದದ್ದು ಒಂದಕ್ಕೆ ಸಾಕಾಗುವಷ್ಟು ಔಷಧಿ. ಇಬ್ಬರೂ ಕಾಲಿಗೆ ಬಿದ್ದರು. ಇವರು ಅರ್ಧ ಅದಕ್ಕೆ, ಅರ್ಧ ಇದಕ್ಕೆ ಕೊಟ್ಟರು. ಎರಡೂ ಸತ್ತವು.

“ಯಾರಿಗೂ ಇಲ್ಲ ಅನ್ನೋಕೆ ಧೈರ್ಯ ಸಾಲಲಿಲ್ಲ. ಧೈರ್ಯ ಇದ್ದಿದ್ರೆ ಒಂದಾದ್ರೂ ಉಳೀತಿತ್ತು,” ಎಂದು ಹೇಳಿ ಥರ್ಮಾಮೀಟರು ಝಾಡಿಸಿದರು.

ಅವರ ಮಾತಿಗೆ ಮೊದಲು ತಲೆಬಾಗಿದವರು ಹಾಲಿನವರಲ್ಲ, ಪಾಷಾ ಬಾಯ್. ಪಾಷಾ ಬಾಯ್ ಮುದಿ ಕೋಣಗಳ ವ್ಯಾಪಾರಿ. ಸುತ್ತೂರು, ದೇವನೂರು, ನರಸೀಪುರದ ಕಡೆಯ ಹಳ್ಳಿಗಳಲ್ಲಿ ಗೇಯಲಾರದೆ ನಿಂತ ಕೋಣಗಳನ್ನು ಕೊಂಡು ತಂದು, ಊರಾಚೆಯ ಹಳೆಯ ಇಟ್ಟಿಗೆಗೂಡಿನ ಕೊಟ್ಟಿಗೆಯಲ್ಲಿ ಎರಡು ತಿಂಗಳು ಮೇಯಿಸಿ, ಡಾಕ್ಟರ ಸರ್ಟಿಫಿಕೇಟು ಪಡೆದು ಮಾಂಸಕ್ಕೆ ಕಳಿಸುತ್ತಿದ್ದರು. ಔಷಧಿಯಿಂದ ವಾಸಿಯಾಗದ ಕೋಣವನ್ನು ಜನ ಮಾರನೆಯ ದಿನವೇ ಅವರಿಗೆ ಮಾರಿಬಿಡುತ್ತಿದ್ದರು. ಡಾಕ್ಟರು ಒಂದು ದಿನ ಅವರನ್ನು ಕೂರಿಸಿಕೊಂಡು, ಸೂಜಿಯ ಔಷಧಿ ಮಾಂಸದಲ್ಲಿ ಎಷ್ಟು ದಿನ ಉಳಿಯುತ್ತದೆ ಎಂದು ಬಿಡಿಸಿ ಹೇಳಿದರು. ಅಲ್ಲಿಂದಾಚೆಗೆ ಪಾಷಾ ಬಾಯ್ ಕೋಣ ಕೊಳ್ಳುವಾಗ ಹಲ್ಲು ನೋಡುವುದರ ಜೊತೆಗೆ ಚೀಟಿಯನ್ನೂ ಕೇಳತೊಡಗಿದರು. “ತಿನ್ನೋರು ನಮ್ಮಂತ ಮನುಷ್ಯರೇ ಅಲ್ವಾ ಸಾ,” ಎಂದಿದ್ದರಂತೆ.

ಒಂದು ವರ್ಷ ಮುಂಗಾರಿನ ಮೊದಲ ಮಳೆ ಜೋರಾಗಿ ಹಿಡಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಪಾಷಾ ಬಾಯ್ ಏದುಸಿರು ಬಿಡುತ್ತ ಬಂದರು. ಒಂದು ಕೋಣ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿತ್ತು. ಇನ್ನೊಂದರ ಗಂಟಲು ಊದಿಕೊಂಡು ಉಸಿರು ಗೊರಗೊರ ಎನ್ನುತ್ತಿತ್ತು. ಡಾಕ್ಟರು ಹೋಗಿ ನೋಡಿದರು. ಗಳಲೆ ರೋಗ. ನಮ್ಮ ಕಡೆ ಗಂಟಲುಬೇನೆ ಎನ್ನುವುದು ಇದನ್ನೇ. ಎಮ್ಮೆ ಕೋಣಗಳಿಗೆ ಬಂದರೆ ಒಂದೇ ದಿನದಲ್ಲಿ ಕೊಂದುಬಿಡುತ್ತದೆ. ಜ್ವರ ಏರುವಾಗಲೇ ಔಷಧಿ ಬಿದ್ದರೆ ಉಳಿದೀತು. ಗಂಟಲು ಊದಿದ ಮೇಲೆ ಉಳಿಯುವುದು ಅಪರೂಪ.

ಊರಿನ ದನಗಳಿಗೆ ಮಳೆಗೆ ಮೊದಲೇ ಲಸಿಕೆ ಆಗಿತ್ತು. ಪಾಷಾ ಬಾಯ್ ಕೋಣಗಳು ಆಮೇಲೆ ಬಂದವು. ಕೊಟ್ಟಿಗೆಯಲ್ಲಿ ಸುಮಾರು ಮೂವತ್ತು ಇದ್ದವು.

“ಎಲ್ಲಾಕೂ ಚುಚ್ಬುಡಿ ಸಾ. ಒಂದನ್ನೂ ಬಿಡ್ಬ್ಯಾಡಿ,” ಎಂದು ಪಾಷಾ ಬಾಯ್ ಗೋಗರೆದರು.

ಡಾಕ್ಟರು ಒಪ್ಪಲಿಲ್ಲ. ಒಂದೊಂದು ಕೋಣಕ್ಕೂ ಥರ್ಮಾಮೀಟರು ಇಟ್ಟರು. ಊದಿದ್ದರ ಜೊತೆಗೆ ಐದಕ್ಕೆ ಜ್ವರವಿತ್ತು. ಆ ಆರಕ್ಕೆ ಮಾತ್ರ ಔಷಧಿ. ಉಳಿದವಕ್ಕೆ ಲಸಿಕೆ ಹಾಕಿ, ಬೆಳಿಗ್ಗೆ ಸಂಜೆ ಜ್ವರ ನೋಡುವುದು ಎಂದರು. ದೊಡ್ಡ ಕೋಣಕ್ಕೆ ದಿನಕ್ಕೊಂದು ಬಾಟಲಿ ಬೇಕು, ಮೂರು ದಿನ ತಪ್ಪದೆ ಕೊಡಬೇಕು. ಆಸ್ಪತ್ರೆಯದನ್ನೂ ನನ್ನ ಅಂಗಡಿಯದನ್ನೂ ಸೇರಿಸಿದರೆ ಹದಿನೈದು ಬಾಟಲಿ ಇದ್ದವು. ಅವರು ಎಲ್ಲವನ್ನೂ ನನ್ನ ಅಂಗಡಿಯಲ್ಲೇ ಇರಿಸಿದರು. ಆರು ಖರ್ಚಾಗಿ ಒಂಬತ್ತು ಉಳಿದವು. ಮೈಸೂರಿಗೆ ಫೋನು ಮಾಡಿದ್ದಕ್ಕೆ, ನಾಳೆ ಮಧ್ಯಾಹ್ನದ ಬಸ್ಸಿಗೆ ಇನ್ನಷ್ಟು ಹಾಕುತ್ತೇವೆ ಎಂದರು.

“ನಾಳೆ ಮಧ್ಯಾಹ್ನದವರೆಗೆ ಇವು ಒಂಬತ್ತೇ ಅಮ್ಮ,” ಎಂದು ನನ್ನ ಮುಖ ನೋಡಿ ಹೇಳಿದರು. “ನನ್ನ ಚೀಟಿ ಇಲ್ಲದೆ ಯಾರು ಕೇಳಿದ್ರೂ ಕೊಡಬೇಡ. ನಾನೇ ಬಂದು ಕೇಳಿದ್ರೂ ಚೀಟಿ ತಾ ಅನ್ನು.”

ಸುದ್ದಿ ಹಬ್ಬಿದ್ದೇ ತಡ, ಅಂಗಡಿಯ ಮುಂದೆ ಜನ ಸೇರಿದರು. ದನಕ್ಕೆ ಏನೂ ಆಗಿರಲಿಲ್ಲ, ಆದರೂ ಮುಂಚಿತವಾಗಿ ಒಂದು ಸೂಜಿ ಇರಲಿ ಎನ್ನುವವರೇ ಎಲ್ಲ. ಎಲ್ಲರನ್ನೂ ಇಲ್ಲ ಎಂದು ಕಳಿಸಿದೆ. ಸಂಜೆ ಪಂಚಾಯಿತಿಯಲ್ಲಿ ಮಾತು ನಡೆಯುವ ಯಜಮಾನರೊಬ್ಬರು ಬಂದರು. ಅವರ ಮನೆಯಲ್ಲಿ ನಾಲ್ಕು ಸೀಮೆಹಸುಗಳಿದ್ದವು, ನಾಲ್ಕಕ್ಕೂ ಲಸಿಕೆ ಆಗಿತ್ತು.

“ನಾಕು ಬಾಟ್ಲಿ ಕೊಡವ್ವ.”

“ಚೀಟಿ ಬೇಕು ಗೌಡ್ರೆ.”

“ಇಲ್ಲೀಗಂಟ ನಂಗೆ ಕೊಟ್ಟಿದ್ಕೆಲ್ಲ ಚೀಟಿ ಇತ್ತಾ?” ಎಂದರು ನಗುತ್ತ. “ಇವತ್ತು ಮಾತ್ರ ಕಾನೂನಾ? ಅಂಗೇ ಆಗ್ಲಿ ಬುಡು. ನಿನ್ನಂಗ್ಡೀಲಿ ಚೀಟಿ ಇಲ್ದೆ ಏನೇನು ಮಾರ್ತೀಯ ಅಂತ ತಿಳ್ಕೊಳೋರು ಮೈಸೂರಲ್ಲಿ ಅವ್ರೆ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಗ ಎಲ್ಲರಂತೆ ನಾನೂ ಕೇಳಿದವರಿಗೆ ಕೇಳಿದ್ದನ್ನು ಕೊಡುತ್ತಿದ್ದೆ. ಲೈಸೆನ್ಸು ಹೋದರೆ ಮನೆ ನಡೆಯುವುದು ಹೇಗೆ ಎಂಬ ಒಂದೇ ಯೋಚನೆ ತಲೆಯಲ್ಲಿ ಸುತ್ತಿತು. ಒಂಬತ್ತರಲ್ಲಿ ನಾಲ್ಕು ಹೋದರೂ ಐದು ಉಳಿಯುತ್ತವೆ, ಗಂಟಲು ಊದಿದ್ದು ಹೇಗೂ ಉಳಿಯುವುದಿಲ್ಲ, ಬೇರೆ ಜ್ವರವಿರುವ ಕೋಣ ಐದೇ, ಮಧ್ಯಾಹ್ನಕ್ಕೆ ಬಸ್ಸು ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಾಲ್ಕು ಬಾಟಲಿ ಕಾಗದದಲ್ಲಿ ಸುತ್ತಿ ಕೊಟ್ಟೆ.

ಅದೇ ಸಂಜೆ ಗಂಟಲು ಊದಿದ್ದ ಕೋಣ, ಬಾಟಲಿ ಪೂರ್ತಿ ಕೊಟ್ಟಿದ್ದರೂ, ಸತ್ತಿತು.

ಬೆಳಿಗ್ಗೆ ಡಾಕ್ಟರು ಪಾಷಾ ಬಾಯ್ ಜೊತೆ ಬಂದರು. ಹೊಸದಾಗಿ ಇನ್ನೆರಡು ಕೋಣಕ್ಕೆ ಜ್ವರ. ಜೊತೆಗೆ ಮೊಸರಿನ ಕೆಂಪಮ್ಮನ ಎಮ್ಮೆಗೂ ಬಂದಿತ್ತು. ಕೆಂಪಮ್ಮ ಇಟ್ಟಿಗೆಗೂಡಿನ ಆಚೆ ಕೇರಿಯವಳು. ಒಂದೇ ಎಮ್ಮೆ. ಅದರ ಮೊಸರನ್ನು ಬಸ್ಸಿನಲ್ಲಿ ನಂಜನಗೂಡಿಗೆ ಒಯ್ದು ಹೋಟೆಲುಗಳಿಗೆ ಹಾಕುವವಳು. ಹಾಲು ಕಡಿಮೆಯಾಗುತ್ತದೆಂದು ಹೆದರಿ ಲಸಿಕೆಯ ದಿನ ಎಮ್ಮೆಯನ್ನು ಮನೆಯಲ್ಲೇ ಉಳಿಸಿಕೊಂಡಿದ್ದಳು.

“ಎಂಟು ಬೇಕು. ಒಂಬತ್ತಿದೆ, ಸದ್ಯ,” ಎಂದರು ಡಾಕ್ಟರು. ಆ ‘ಸದ್ಯ’ ಎನ್ನುವಾಗ ಅವರ ಮುಖದಲ್ಲಿ ಎಂದೂ ಕಾಣದ ಒಂದು ನೆಮ್ಮದಿಯಿತ್ತು.

ನಾನು ಐದು ಬಾಟಲಿಗಳನ್ನು ಕೌಂಟರಿನ ಮೇಲಿಟ್ಟೆ. ಯಜಮಾನರ ಹೆಸರನ್ನಷ್ಟೇ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಐದು ಬಾಟಲಿಗಳನ್ನು ಪಾಷಾ ಬಾಯ್ ಕೈಗೆ ಕೊಟ್ಟು, “ನೆನ್ನೆ ಶುರು ಮಾಡಿದ ಐದಕ್ಕೆ ಇವು. ನೀವು ನಡೀರಿ, ಬಂದೆ,” ಎಂದು ಹೇಳಿ, ಸ್ಕೂಟರು ಹತ್ತಿ ಯಜಮಾನರ ಮನೆಯ ಕಡೆ ಹೊರಟರು. ತಾಲ್ಲೂಕಿನಿಂದ ಯಾರಾದರೂ ಬಂದರೆ ಮಾತು ತೊದಲುವ ಮನುಷ್ಯ ಅವರು. ಅಲ್ಲಿ ಏನಾಗುವುದೋ ಎಂದು ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ ನಾನೂ ಹಿಂದೆಯೇ ಓಡಿದೆ.

ಅವರು ಯಜಮಾನರ ಜಗುಲಿಯ ಮೇಲೆ ಕೂತಿದ್ದರು. ಎರಡು ಕೈಗಳನ್ನೂ ಮೊಣಕಾಲಿನ ಸಂದಿಗೆ ಸೇರಿಸಿಕೊಂಡಿದ್ದರು.

“ಇಷ್ಟಕ್ಕೆಲ್ಲ ಮನೆತಂಕ ಬರೋದಾ ಡಾಕ್ಟ್ರೇ? ನನ್ ಅಸ ಸತ್ರೆ ಜವಾಬ್ದಾರಿ ಯಾರು?” ಎನ್ನುತ್ತಿದ್ದರು ಯಜಮಾನರು.

“ನಾನು. ಬರೆದು ಕೊಡ್ತೀನಿ. ನಿಮ್ಮ ಹಸುವಿಗೆ ಜ್ವರ ಇಲ್ಲ. ಅಲ್ಲಿ ಮೂರಕ್ಕೆ ಇದೆ.”

“ಕಸಾಯಿಗೆ ಓಗೋ ಕೋಣಕ್ಕೆ ಇಷ್ಟೊಂದು ಒದ್ದಾಟವಾ?”

“ಜ್ವರ ಬಂದಿರೋದು ಅದಕ್ಕೆ ಸ್ವಾಮಿ. ಬಾಟಲಿ ಕೊಡಿ. ಕೊಡೋವರೆಗೆ ನಾನು ಏಳೋದಿಲ್ಲ.”

ಯಜಮಾನರು ಒಳಗೆ ಹೋದರು. ತುಂಬ ಹೊತ್ತು ಬರಲಿಲ್ಲ. ಡಾಕ್ಟರು ಕೂತೇ ಇದ್ದರು. ಒಂದೊಂದು ನಿಮಿಷಕ್ಕೂ ಆ ಮೂರು ಪ್ರಾಣಿಗಳ ಜ್ವರ ಎಷ್ಟಾಗಿರಬಹುದು ಎಂದು ಅವರು ಎಣಿಸುತ್ತಿರುವುದು ನನಗೆ ತಿಳಿಯುತ್ತಿತ್ತು. ಕೊನೆಗೆ ಒಳಗಿನಿಂದ ಎರಡು ಬಾಟಲಿ ಬಂದವು. ಇನ್ನೆರಡನ್ನು ಆಗಲೇ ಹಸುಗಳಿಗೆ ಚುಚ್ಚಿಸಿಬಿಟ್ಟಿದ್ದರು.

ಎರಡು ಬಾಟಲಿ, ಮೂರು ಪ್ರಾಣಿ.

ಡಾಕ್ಟರು ಮೊದಲು ಕೆಂಪಮ್ಮನ ಹಟ್ಟಿಗೆ ಹೋದರು, ನಾನೂ ಜೊತೆಗೆ ಹೋದೆ. ಎಮ್ಮೆಯ ಕತ್ತಿನ ಕೆಳಗೆ ಬಾವು ಬಿಗಿದುಕೊಂಡಿತ್ತು. ನಾಲಗೆ ಹೊರಬಂದಿತ್ತು. ಉಸಿರಿನ ಸದ್ದು ಬೀದಿಗೇ ಕೇಳುತ್ತಿತ್ತು. ಅವರು ಗಂಟಲನ್ನು ಮುಟ್ಟಿ ನೋಡಿದರು, ಥರ್ಮಾಮೀಟರು ಇಟ್ಟರು, ಎದ್ದು ನಿಂತರು, ಮತ್ತೆ ಕೂತು ಗಂಟಲು ಮುಟ್ಟಿದರು.

“ಚುಚ್ಚಿ ಬುದ್ಧಿ, ಕೈಲಿ ಇಟ್ಕಂಡು ಅದೇನ್ ನೋಡ್ತಿದ್ದೀರಿ?” ಎಂದಳು ಕೆಂಪಮ್ಮ.

“ಅರ್ಧ ಇದಕ್ಕೂ ಹಾಕಿದ್ರೆ?” ಎಂದೆ ನಾನು.

ಅವರು ನನ್ನ ಕಡೆ ತಿರುಗಲಿಲ್ಲ. ಕೆಂಪಮ್ಮನ ಮುಂದೆ ನಿಂತು ಹೇಳಿದರು: “ಇದು ಮೀರಿ ಹೋಗಿದೆ ಕಣಮ್ಮ. ನೆನ್ನೆ ಹಿಂಗೇ ಊದಿದ್ದ ಕೋಣಕ್ಕೆ ಪೂರ್ತಿ ಕೊಟ್ರೂ ಉಳೀಲಿಲ್ಲ. ಅಲ್ಲಿ ಎರಡಕ್ಕೆ ಈಗಷ್ಟೇ ಜ್ವರ ಏರ್ತಾ ಇದೆ, ಅವು ಉಳೀತವೆ. ಮಧ್ಯಾಹ್ನದ ಬಸ್ಸಿಗೆ ಔಷಧಿ ಬರುತ್ತೆ. ಬಂದ ಕೂಡಲೆ ಮೊದಲು ಇಲ್ಲಿಗೇ ತರ್ತೀನಿ.”

ಬಾವು ಇಳಿಯಲೆಂದು ಬ್ಯಾಗಿನಲ್ಲಿದ್ದ ಬೇರೊಂದು ಇಂಜೆಕ್ಷನ್ ಕೊಟ್ಟು ಹೊರಟರು. ಕೆಂಪಮ್ಮ ಬೀದಿಯ ತುದಿಯವರೆಗೂ ಸ್ಕೂಟರಿನ ಹಿಂದೆ ಓಡಿದಳು.

“ಕಡಿಯೋ ಕೋಣಕ್ಕೆ ಔಸ್ದಿ ಅದೆ, ಕರೆಯೋ ಎಮ್ಮೆಗೆ ಇಲ್ವಾ? ನಿನ್ ಒಟ್ಟೆ ತಣ್ಣಗಿರ್ತದಾ?”

ಎಮ್ಮೆ ಹನ್ನೊಂದರ ಸುಮಾರಿಗೆ ಸತ್ತಿತು. ಬಸ್ಸು ಬಂದಾಗ ಹನ್ನೆರಡು ದಾಟಿತ್ತು. ಡಾಕ್ಟರು ಔಷಧಿಯ ಪೆಟ್ಟಿಗೆ ಹೊತ್ತು ಮೊದಲು ಅವಳ ಹಟ್ಟಿಗೇ ಹೋದರಂತೆ. ಸತ್ತ ಎಮ್ಮೆಯ ಮುಂದೆ ಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದ ಅವರನ್ನು ಕೇರಿಯವರೇ ಕೈಹಿಡಿದು ಆಚೆ ಕಳಿಸಿದರು.

ಪಾಷಾ ಬಾಯ್ ಕೊಟ್ಟಿಗೆಯಲ್ಲಿ ಮತ್ತೊಂದು ಕೋಣವೂ ಸಾಯಲಿಲ್ಲ. ಜ್ವರವಿದ್ದ ಏಳೂ ಎದ್ದು ನಿಂತವು.

ಊರಿನ ಮಾತು ಮಾತ್ರ ಬೇರೆಯಾಗಿತ್ತು. ಡಾಕ್ಟರು ವ್ಯಾಪಾರಿಯ ಕೋಣ ಉಳಿಸಿ ಬಡವಳ ಎಮ್ಮೆ ಕೊಂದರು, ಅದರಲ್ಲಿ ಏನೋ ಇದೆ ಎಂದರು. ಯಜಮಾನರೇ ಮುಂದೆ ನಿಂತು ಅರ್ಜಿ ಬರೆಸಿದರು. ಮೇಲಿನವರೊಬ್ಬರು ವಿಚಾರಿಸಲು ಬಂದರು. ನನ್ನನ್ನೂ ಕರೆಸಿದ್ದರು. ಹದಿನೈದು ಬಾಟಲಿ ಇದ್ದರೂ ಹೇಗೆ ಸಾಲದೆ ಹೋಯಿತು ಎಂದು ಅವರು ಕೇಳಿದರು. ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಹೇಳಿದರು:

“ನನ್ನ ಅಂದಾಜು ತಪ್ಪಿತು ಸಾರ್. ಔಷಧಿ ಹಂಚಿದ್ದು ನಾನು. ಇವರು ಚೀಟಿಯಂತೆ ಕೊಟ್ಟಿದ್ದಾರೆ, ಅಷ್ಟೆ.”

ನಾನು ತೆರೆದ ಬಾಯನ್ನು ಮುಚ್ಚಿಕೊಂಡೆ.

ಆಮೇಲೆ ಮೂರು ವರ್ಷ ಅವರು ನಮ್ಮೂರಿನಲ್ಲೇ ಇದ್ದರು. ನಾವಿಬ್ಬರೂ ಅದರ ಮಾತೆತ್ತಲಿಲ್ಲ. ಚೀಟಿಯಿಲ್ಲದೆ ಕೊಡುವುದನ್ನು ನಾನು ನಿಲ್ಲಿಸಿದೆ. ಗಿರಾಕಿಗಳು ನಂಜನಗೂಡಿಗೆ ಹೋದರೆ ಹೋಗಲಿ ಎಂದುಕೊಂಡೆ. ಆದರೆ ಆಸ್ಪತ್ರೆಗೆ ಬರುವವರೂ ಕಡಿಮೆಯಾದರು. ಬಂದವರು ಡಾಕ್ಟರ ಎದುರಿಗೇ, “ನಮ್ದು ಕೋಣ ಅಲ್ಲ ಸಾ, ಅಸ, ಔಸ್ದಿ ಸಿಕ್ತದಾ?” ಎಂದು ಚುಚ್ಚುತ್ತಿದ್ದರು. ಅವರು ಟೇಪು ತೆಗೆದು ಎದೆಯ ಸುತ್ತಳತೆ ಹಿಡಿಯುತ್ತಿದ್ದರು.

ನಿವೃತ್ತರಾದ ಮೇಲೆ ಒಮ್ಮೆ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಮಕ್ಕಳ ಓದು, ಅಂಗಡಿ ಎಲ್ಲ ವಿಚಾರಿಸಿದರು. ನನ್ನ ಬಸ್ಸು ಬಂದು ನಿಂತಾಗ ತಟ್ಟನೆ ಕೇಳಿದರು: “ಆವತ್ತು ಆ ಎಮ್ಮೆಗೆ ಕೊಟ್ಟಿದ್ರೆ ಉಳೀತಿತ್ತೇನಮ್ಮ? ನಾಲಗೆ ಪೂರ್ತಿ ನೀಲಿ ಆಗಿರಲಿಲ್ಲ. ನಾನು ಆತುರ ಬಿದ್ದೆನೇನೋ.”

“ಬಾಟಲಿ ಇದ್ದಿದ್ರೆ ನೀವು ಆರಿಸೋ ಪಾಡೇ ಇರ್ತಿರಲಿಲ್ಲ ಸಾರ್,” ಎಂದೆ. ಅಷ್ಟು ವರ್ಷದಲ್ಲಿ ನಾನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ಅದು ಬಿಡಮ್ಮ,” ಎಂದು ಕೈಯಾಡಿಸಿದರು. “ಇದ್ದದ್ದರಲ್ಲಿ ನಾನು ಮಾಡಿದ್ದು ಸರಿಯಾ ಅಂತ ಅಷ್ಟೇ ನನ್ನ ಯೋಚನೆ.”

ಕಂಡಕ್ಟರು ಸೀಟಿ ಊದಿದ. ನಾನು ಹತ್ತಿಕೊಂಡೆ.

ಪಾಷಾ ಬಾಯ್ ಸುದ್ದಿ ತಂದ ಮಾರನೆಯ ಬೆಳಿಗ್ಗೆ ನಾನು ಕೆಂಪಮ್ಮನ ಮನೆಗೆ ಹೋದೆ. ಈಗ ಅವಳಿಗೆ ವಯಸ್ಸಾಗಿದೆ, ಮೊಸರಿನ ವ್ಯಾಪಾರ ಬಿಟ್ಟಿದ್ದಾಳೆ. ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಡಾಕ್ಟರು ತೀರಿಕೊಂಡರು ಎಂದೆ. ತಲೆಯೆತ್ತಲಿಲ್ಲ. ಆಮೇಲೆ ಎಲ್ಲವನ್ನೂ ಹೇಳಿದೆ. ಒಂಬತ್ತು ಬಾಟಲಿ ಇದ್ದದ್ದು, ನಾಲ್ಕನ್ನು ನಾನು ಕೊಟ್ಟದ್ದು, ಅವರು ಜಗುಲಿಯ ಮೇಲೆ ಕೂತದ್ದು, ವಿಚಾರಣೆಯಲ್ಲಿ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡದ್ದು.

ಅವಳ ಕೈ ನಿಂತಿತು. ಬೈದರೆ ಬೈಯಲಿ, ಕೈಯೆತ್ತಿದರೆ ಎತ್ತಲಿ ಎಂದು ನಾನು ನಿಂತೇ ಇದ್ದೆ.

“ಮೂರ್ ವರ್ಸ,” ಎಂದಳು. “ಈ ಬೀದೀಲಿ ಓಗೋವಾಗ್ಲೆಲ್ಲ ಆವಯ್ಯ ಗಾಡಿ ನಿಲ್ಸೋನು. ಚೆನ್ನಾಗಿದ್ದೀಯೇನವ್ವ ಅನ್ನೋನು. ನಾನು ಗ್ವಾಡೆ ಕಡೀಕೆ ತಿರೀಕತಿದ್ದೆ. ಒಂದ್ ದಿನಾನೂ ಮೊಕ ಕೊಡ್ನಿಲ್ಲ.”

ಮೊರ ಎತ್ತಿಕೊಂಡು ಎದ್ದು ನಿಂತಳು.

“ಇದ್ದಾಗ ಯೋಳ್ಬೇಕಾಗಿತ್ತು ಕಣವ್ವ ನೀನು,” ಎಂದು ಹೇಳಿ ಒಳಗೆ ಹೋದಳು.